ಬಾಯಿದ್ದರೆ ಸಾಕೇ?

ಮನುಷ್ಯ ತನ್ನ ತೊಂದರೆಯನ್ನು ಬಾಯಿಬಿಟ್ಟು ಹೇಳಬಲ್ಲ, ಹಾಗಾಗಿ ಅವನ ಮಿದುಳಿನ ಕಾಯಿಲೆ ಪತ್ತೆ ಸುಲಭ; ಮೂಕಪ್ರಾಣಿಗಳ ವಿಷಯದಲ್ಲಿ ಪಶುವೈದ್ಯರದು ಬರೀ ಊಹೆ ಎಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ಪಶುವೈದ್ಯರ ಕೆಲಸ ಕಷ್ಟದ್ದು, ನಿಜ. ಉಳಿದದ್ದನ್ನು ಒಪ್ಪಲಾಗದು.

ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿ ಎಡಗೈ ಸ್ವಾಧೀನ ತಪ್ಪಿದ ಕೆಲವರನ್ನು ‘ಎಡಗೈ ಎತ್ತಿ’ ಎಂದು ಕೇಳಿ ನೋಡಿ. ಕೈ ಹಾಸಿಗೆಯ ಮೇಲೇ ಬಿದ್ದಿರುತ್ತದೆ, ‘ಎತ್ತಿದೆನಲ್ಲ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕೊರತೆಯನ್ನು ಅರಿಯುವ ಶಕ್ತಿಯೇ ಕುಂದಿದೆ. 1914ರಲ್ಲೇ ನರರೋಗತಜ್ಞ ಬಾಬಿನ್‌ಸ್ಕಿ ಇದನ್ನು ಅನೊಸೊಗ್ನೋಸಿಯಾ ಎಂದು ಹೆಸರಿಸಿದರು. ದೃಷ್ಟಿ ಪೂರ್ತಿ ಹೋದರೂ ‘ಕಾಣುತ್ತಿದೆ’ ಎನ್ನುವ ರೋಗಿಗಳೂ ಇದ್ದಾರೆ. ಇಲ್ಲಿ ಮಾತನ್ನೇ ನಂಬಿದ ವೈದ್ಯರು ದಾರಿ ತಪ್ಪುತ್ತಾರೆ.

ಪರೀಕ್ಷೆಯ ಅಂಕವೂ ಅಷ್ಟೇ. 1975ರಿಂದ ಬಳಕೆಯಲ್ಲಿರುವ, 30 ಅಂಕಗಳ ಎಂಎಂಎಸ್‌ಇ ಎಂಬ ನೆನಪು-ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯಬೇಕು, ಪಂಚಭುಜಗಳನ್ನು ನೋಡಿ ಬಿಡಿಸಬೇಕು. ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಗೆ ಅಂಕ ಕಡಿಮೆ ಬಂದರೆ ಅದು ಅರಳುಮರಳೋ, ಪೆನ್ನು ಹಿಡಿಯದ ಬದುಕೋ?

ಇನ್ನು ‘ಊಹೆ’ಯ ಮಾತು. ಬೆಕ್ಕಿನ ಕಿವಿ, ಕಣ್ಣು, ಮೂತಿ, ಮೀಸೆ, ತಲೆಯ ಭಂಗಿಗೆ ಅಂಕ ಕೊಟ್ಟು ನೋವು ಅಳೆಯುವ ಮಾಪಕವಿದೆ, 2019ರಲ್ಲಿ ಪ್ರಕಟವಾದದ್ದು. ಜೊಲ್ಲು ಸುರಿಸುತ್ತ ಮೇವು ಬಿಟ್ಟ ಹಸುವನ್ನು ಕಂಡರೆ ಮನೆಯವರು ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬರಿಗೈ ಹಾಕುತ್ತಾರೆ. ಅನುಭವಿ ಪಶುವೈದ್ಯರು ಮೊದಲು ಕೈಗವಸು ತೊಡುತ್ತಾರೆ, ನಾಯಿ ಕಚ್ಚಿತ್ತೇ ಎಂದು ವಿಚಾರಿಸುತ್ತಾರೆ. ಅದು ರೇಬೀಸ್ ಇರಬಹುದು, ಜೊಲ್ಲಿನಿಂದಲೇ ಅಂಟಬಹುದು. ಆ ಎಚ್ಚರವನ್ನು ಬರೀ ಊಹೆ ಎಂದು ಬರೆಯುವುದು ಅನ್ಯಾಯ.