ಸೊಲ್ಲು ಎತ್ತಿಕೊಳ್ಳುವ ಮಕ್ಕಳು

ನ್ಯೂ ಆರ್ಲಿಯನ್ಸಿನ ಡ್ಯಾನಿ ಬಾರ್ಕರ್ (1909–1994) ಹಳೆಯ ಧಾಟಿಯ ಜಾಝ್ ಗಿಟಾರ್ ವಾದಕ, ಹಾಡುಗಾರ. ನ್ಯೂಯಾರ್ಕಿನಲ್ಲಿ ಕ್ಯಾಬ್ ಕ್ಯಾಲೊವೆಯ ಹೆಸರಾಂತ ವಾದ್ಯವೃಂದದಲ್ಲಿ ಏಳೆಂಟು ವರ್ಷ ದುಡಿದವರು. ಆದರೆ ಅವರ ದೊಡ್ಡ ಕೆಲಸ ನಡೆದದ್ದು 1965ರಲ್ಲಿ ಊರಿಗೆ ಮರಳಿದ ಮೇಲೆ. ಶವಯಾತ್ರೆ, ಮೆರವಣಿಗೆಗಳಲ್ಲಿ ನುಡಿಸುವ ಅಲ್ಲಿನ ಬ್ಯಾಂಡುಗಳಲ್ಲಿ ಆಗ ವಯಸ್ಸಾದವರೇ ಹೆಚ್ಚು. ಬಾರ್ಕರ್ 1970ರ ಸುಮಾರಿಗೆ ಫೇರ್‌ವ್ಯೂ ಚರ್ಚಿನಲ್ಲಿ ಹುಡುಗರನ್ನು ಕೂಡಿಸಿ ಬ್ಯಾಂಡು ಕಟ್ಟಿದರು. ಜಗತ್ತೇ ಬಲ್ಲ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ಎಳೆಯದರಲ್ಲಿ ನುಡಿಸಿದ್ದು ಅದೇ ಬ್ಯಾಂಡಿನಲ್ಲಿ. ಕಲಾವಿದರ ಬದುಕನ್ನು ಅವರು ಗಳಿಸಿದ ಬಿರುದಿನಿಂದಲ್ಲ, ಅವರ ಹಿಂದೆ ನಿಂತ ಮಕ್ಕಳಿಂದ ಅಳೆಯಬೇಕು ಎಂಬ ನನ್ನ ಮಾತಿಗೆ ಇದೇ ಆಧಾರ.

ಈ ಅಳತೆಗೋಲನ್ನು ನಮ್ಮ ಚಿತ್ರದುರ್ಗ ಸೀಮೆಗೆ ಹಿಡಿದರೆ ಸಂಕಟವಾಗುತ್ತದೆ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಬಾರದವರು, ಸಾವಿರಾರು ಜನಪದ ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದವರು. ನಾಡು ಅವರನ್ನು ನಾಡೋಜ ಎಂದು ಗೌರವಿಸಿತು. ಆದರೆ ಅವರ ಹಿಂದೆ ನಿಂತ ಮಕ್ಕಳೆಲ್ಲಿ? ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಆ ಪದಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದ್ದಾರೆ, ಇನ್ನೇನು ಬೇಕು ಎನ್ನುವವರಿದ್ದಾರೆ. ಆ ಸಂಗ್ರಹಕ್ಕೆ ನಾವು ಋಣಿಗಳು. ಆದರೆ ಪುಸ್ತಕ ಉಳಿಸುವುದು ಪದದ ಮಾತನ್ನು. ಮುಂದೆ ಹೇಳುವವಳ ಕೊನೆಯ ಅಕ್ಷರ ಇನ್ನೂ ಬಾಯಲ್ಲಿರುವಾಗಲೇ ಹಿಂದಿನ ಇಬ್ಬರು ಸೊಲ್ಲು ಎತ್ತಿಕೊಳ್ಳುತ್ತಾರಲ್ಲ, ಆ ಕ್ಷಣ ಅಚ್ಚಿಗೆ ಸಿಗುವುದಿಲ್ಲ. ಅದು ಪಕ್ಕದಲ್ಲಿ ಕೂತೇ ಬರಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಗೊಲ್ಲರು ಆರಾಧಿಸುವ ಜುಂಜಪ್ಪನ, ಎತ್ತಪ್ಪನ ಪದಗಳು ದೇವರಿಗೆ ಸಂದವು; ಶಾಲೆಯ ವೇದಿಕೆಗೆ ತಂದರೆ ವಾರ್ಷಿಕೋತ್ಸವದ ಸರಕಾಗುತ್ತವೆ ಎನ್ನುತ್ತಾರೆ. ಈ ಭಯ ಸುಳ್ಳಲ್ಲ, ಅಂಥ ಸರಕನ್ನು ಸಾಕಷ್ಟು ನೋಡಿದ್ದೇವೆ. ಆದರೆ ನ್ಯೂ ಆರ್ಲಿಯನ್ಸಿನ ಸಂಗೀತವೂ ಸಾವಿನ ಮನೆಯೊಂದಿಗೆ, ಬೀದಿಯೊಂದಿಗೆ ಬೆಸೆದುಕೊಂಡದ್ದೇ. ಬಾರ್ಕರ್ ಹುಡುಗರನ್ನು ಆ ಬೀದಿಗೇ ಇಳಿಸಿದರು. ಹಾಗೆಯೇ ಹಿರಿಯೂರಿನ ಹಟ್ಟಿಗಳಲ್ಲಿ ಗಣೆ ಎಂಬ ಕೊಳಲು ಊದುವ ಹಿರಿಯರನ್ನು ಶಾಲೆಗೆ ಎಳೆತರಬೇಕಿಲ್ಲ, ಹಟ್ಟಿಯವರ ಒಪ್ಪಿಗೆ ಪಡೆದು ಮಕ್ಕಳೇ ಹಬ್ಬದ ದಿನ ಅವರ ಬಳಿಗೆ ಹೋಗಲಿ. ಇದು ಆಗದ ಮಾತೂ ಅಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ 1997ರಿಂದ ಶಿವಸಂಚಾರ ನಾಟಕ ತಂಡದ ಮೂಲಕ ಹಳ್ಳಿಯ ಹುಡುಗ ಹುಡುಗಿಯರನ್ನು ನಟರಾಗಿ ತಯಾರು ಮಾಡಿ ನಾಡೆಲ್ಲ ತಿರುಗಿಸುತ್ತಿದೆ. ರಂಗಭೂಮಿಗೆ ಒಂದು ಹಳ್ಳಿ ಮಾಡಿದ್ದನ್ನು ಪದಕ್ಕೆ ಒಂದು ಜಿಲ್ಲೆ ಮಾಡಲಾರದೆ?

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಮೇಷ್ಟ್ರುಗಳಲ್ಲಿ ನಮ್ಮ ಬೇಡಿಕೆ ಇಷ್ಟೇ: ನಿಮ್ಮ ಊರಿನಲ್ಲಿ ಪದ ಹೇಳುವ ಹಿರಿಯರು ಯಾರಿದ್ದಾರೆ ಎಂದು ಕೇಳಿ, ಈ ವರ್ಷವೇ ಇಬ್ಬರು ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸಿ.