ನಾಯಿಯನ್ನು ಕಟ್ಟುವವರು ಯಾರು?

ಕಳೆದ ವಾರ ನಮ್ಮ ಕಚೇರಿಗೆ ಒಬ್ಬ ಹುಡುಗ ಕುಂಟುತ್ತ ಬಂದ. ಅವನ ತಂದೆ ಗಿರಣಿಯ ನೂಲಿನ ಖಾತೆಯಲ್ಲಿ ದುಡಿದವರು, ಈ ಪತ್ರಿಕೆಯ ಹಳೆಯ ವಾಚಕರು. ಮಗನಿಗೆ ಗಿರಣಿಯಲ್ಲಿ ಕೆಲಸ ಸಿಗಲಿಲ್ಲ. ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡು, ಸಾಲದ ಮೋಟಾರುಸೈಕಲ್ಲಿನ ಮೇಲೆ ಮನೆ ಮನೆಗೆ ಸಾಮಾನು ಮುಟ್ಟಿಸುತ್ತಾನೆ. ಹೊಸ ಬಡಾವಣೆಯ ಒಂದು ಮನೆಯಲ್ಲಿ ಗೇಟಿನ ಅಗುಳಿ ತೆಗೆದು ಎರಡು ಹೆಜ್ಜೆ ಇಡುವಷ್ಟರಲ್ಲಿ ಸಾಕಿದ ನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತು. ಮನೆಯ ಯಜಮಾನರು ಕೆಟ್ಟವರೇನೂ ಅಲ್ಲ. ನಾಯಿಯನ್ನು ಗದರಿಸಿ ಒಳಗೆ ಕಟ್ಟಿದರು, ಒಂದು ಲೋಟ ನೀರು ಕೊಟ್ಟರು, "ಇಂಜೆಕ್ಷನ್ ಆಗಿದೆ, ಭಯವಿಲ್ಲ" ಎಂದರು. ನಾಯಿಗೆ ಆಗಿದೆಯೆಂದು ಆ ಮಾತಿನ ಅರ್ಥ. ಇನ್ನೂರು ರೂಪಾಯಿ ಕೈಗಿತ್ತರು. ಹುಡುಗ ತೆಗೆದುಕೊಂಡ. ತೆಗೆದುಕೊಂಡೆನಲ್ಲಾ ಎಂದು ನಮ್ಮೆದುರು ಕುಳಿತಾಗ ನಾಚಿಕೊಂಡ.

ಅವನನ್ನು ಕಳಿಸಿದ ಕಂಪನಿಗೆ ಫೋನು ಮಾಡಿದಾಗ ಆ ಕಡೆಯಿಂದ ಬಂದ ಮೊದಲ ಪ್ರಶ್ನೆ, ಸಾಮಾನು ಮುಟ್ಟಿತೇ ಎಂದು. ಮುಟ್ಟಿತ್ತು. ಕಾಲುಚೀಲದಲ್ಲಿ ರಕ್ತ ತುಂಬಿಕೊಂಡೇ ಇನ್ನೆರಡು ಮನೆಗೆ ಹೋಗಿ, ಆಮೇಲೆ ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತ. ಆ ದಿನ ಒಂದು ಚುಚ್ಚುಮದ್ದು, ಮೂರನೆಯ ದಿನ ಒಂದು, ಏಳನೆಯ ದಿನ ಒಂದು, ಇಪ್ಪತ್ತೆಂಟನೆಯ ದಿನ ಒಂದು. ಮದ್ದಿಗೆ ಹಣವಿಲ್ಲ ನಿಜ; ಸಾಲಿಗೆ ಹೊತ್ತು ಬೇಕು, ಹೊತ್ತು ಹೋದರೆ ಕೂಲಿ ಹೋಯಿತು. ಅವನು ನಮ್ಮನ್ನು ಕೇಳಿದ್ದು ಒಂದೇ ಮಾತು: "ಈ ನಾಲ್ಕು ದಿವಸದ ದುಡ್ಡು ಯಾರು ಕೊಡುತ್ತಾರೆ ಸ್ವಾಮಿ?"

ಯಾರೂ ಕೊಡುವುದಿಲ್ಲ ಎಂದು ನಾವು ಹೇಳಬೇಕಾಯಿತು. ಹಾಗೆ ಹೇಳಿ ಕಳಿಸಿದ ಮೇಲೆ ಈ ಅಂಕಣವನ್ನು ಬೇರೆ ವಿಷಯಕ್ಕೆ ಕೊಡಲು ನಮಗೆ ಮನಸ್ಸಾಗಲಿಲ್ಲ.

ನಾಯಿ ಕಚ್ಚಿದ್ದೂ ಒಂದು ರಾಜಕೀಯವೇ ಎಂದು ನಗುವವರಿದ್ದಾರೆ. ಅಂಥವರು ಹೈದರಾಬಾದಿನ ಸಂಗತಿಯನ್ನು ನೆನಪಿಗೆ ತಂದುಕೊಳ್ಳಲಿ. ೨೦೨೩ರ ಜನವರಿಯಲ್ಲಿ ಅಲ್ಲಿಯ ಬಂಜಾರಾ ಹಿಲ್ಸಿನಲ್ಲಿ, ಊಟದ ಪೊಟ್ಟಣ ಹಿಡಿದು ಮೂರನೆಯ ಮಹಡಿಗೆ ಹೋದ ಇಪ್ಪತ್ತಮೂರರ ತರುಣನ ಮೇಲೆ ಮನೆಯ ಜರ್ಮನ್ ಶೆಫರ್ಡ್ ನಾಯಿ ಎರಗಿತು. ಓಡಲು ಜಾಗವಿಲ್ಲ. ತಪ್ಪಿಸಿಕೊಳ್ಳಲು ಹೋಗಿ ಮೇಲಿನಿಂದ ಬಿದ್ದ. ಕೆಲವು ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಹೋದ. ಅದೇ ವರ್ಷದ ಮೇ ತಿಂಗಳಲ್ಲಿ ಅದೇ ನಗರದ ಮಣಿಕೊಂಡದಲ್ಲಿ ಸಾಮಾನು ಮುಟ್ಟಿಸಲು ಹೋದ ಇನ್ನೊಬ್ಬ, ಡಾಬರ್‌ಮನ್ ನಾಯಿಗೆ ಅಂಜಿ ಮೂರನೆಯ ಮಹಡಿಯಿಂದಲೇ ಹಾರಿದ. ಅವನು ಬದುಕಿಕೊಂಡ. ಒಂದು ಪೊಟ್ಟಣ ಮುಟ್ಟಿಸಿದರೆ ಸಿಗುವ ಕೂಲಿ ಎಷ್ಟೆಂದು ಆ ಕೆಲಸ ಮಾಡುವವರನ್ನು ಕೇಳಿ ನೋಡಿ, ಆಮೇಲೆ ನಗಿ.

ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರಿಗೆ ಒಂದು ಮಾತು ನೆನಪಿದ್ದೀತು. ಮಗ್ಗದ ಲಾಳಿ ಹಾರಿ ಕಣ್ಣಿಗೆ ಬಡಿದರೆ, ಪಟ್ಟಾಕ್ಕೆ ಧೋತರ ಸಿಕ್ಕಿ ಕೈ ಮುರಿದರೆ, ಮೇಸ್ತ್ರಿ ಮೊದಲು ಹೇಳುತ್ತಿದ್ದದ್ದು "ಅವನ ಲಕ್ಷ್ಯ ಎಲ್ಲಿತ್ತು?" ಎಂದು. ಲಾಳಿಗೆ ತಡೆ ಯಾಕಿರಲಿಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಪ್ರಶ್ನೆಯನ್ನು ಕೇಳುವಂತೆ ಮಾಡಿದ್ದು ಕಾರ್ಮಿಕರ ಚಳುವಳಿ. ೧೯೨೩ರ ಪರಿಹಾರದ ಕಾಯಿದೆ, ಕೆಲಸದ ಕಾರಣದಿಂದ ಮತ್ತು ಕೆಲಸದ ಹೊತ್ತಿನಲ್ಲಿ ಆದ ಗಾಯಕ್ಕೆ ಮಾಲಿಕ ಹಣ ಕೊಡಬೇಕೆಂದಿತು. ಕುಡಿದು ಬಂದಿದ್ದ, ಬೇಕೆಂದೇ ನಿಯಮ ಮುರಿದ ಎಂಬಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ಆಳಿನ ಲಕ್ಷ್ಯ ಎಲ್ಲಿತ್ತೆಂದು ಕೇಳುವಂತಿರಲಿಲ್ಲ. ೧೯೪೮ರ ಕಾರ್ಖಾನೆ ಕಾಯಿದೆಯ ೨೧ನೆಯ ಕಲಮು, ತಿರುಗುವ ಯಂತ್ರಕ್ಕೆ ಬೇಲಿ ಹಾಕುವ ಹೊಣೆಯನ್ನು ಕಾರ್ಖಾನೆಯವರ ತಲೆಗೇ ಕಟ್ಟಿತು. ಯಂತ್ರದಿಂದ ದೂರ ನಿಲ್ಲುವ ಜಾಣತನವನ್ನು ಆಳಿನಿಂದ ಬೇಡುವ ಕಾಲ ಅಲ್ಲಿಗೆ ಮುಗಿಯಬೇಕಾಗಿತ್ತು.

ಈ ಹುಡುಗನ ಕಾರ್ಖಾನೆ ಯಾವುದು? ಊರಿನ ಎಲ್ಲ ಗೇಟುಗಳೂ ಅವನ ಕಾರ್ಖಾನೆಯೇ. ಕಟ್ಟದೆ ಬಿಟ್ಟ ನಾಯಿ ಬೇಲಿಯಿಲ್ಲದ ಯಂತ್ರ. ಅದು ಕಚ್ಚಿದ್ದು ಹಣೆಬರಹವಲ್ಲ, ಕೆಲಸದ ಅಪಘಾತ. ಇಷ್ಟನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಅದನ್ನು ಒಪ್ಪದಿರುವುದಕ್ಕಾಗಿಯೇ ಕಂಪನಿಗಳು ಒಂದು ಸೊಗಸಾದ ಶಬ್ದವನ್ನು ಹುಡುಕಿಕೊಂಡಿವೆ: 'ಪಾಲುದಾರ'. ಲಾಭದಲ್ಲಿ ಪಾಲಿಲ್ಲ, ದರ ಗೊತ್ತುಪಡಿಸುವುದರಲ್ಲಿ ಪಾಲಿಲ್ಲ. ಪೆಟ್ರೋಲು, ಮಳೆ, ಪೊಲೀಸರ ದಂಡ, ನಾಯಿಯ ಹಲ್ಲು ಇವುಗಳಲ್ಲಿ ಮಾತ್ರ ಪೂರ್ತಿ ಪಾಲು!

ಕಾಯಿದೆಯೂ ಈ ಮಾತಿಗೆ ತಲೆದೂಗಿದೆ. ೧೯೨೩ರ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡು ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು, ಇಂಥ ಗಿಗ್ ಕಾರ್ಮಿಕ ಎಂದರೆ ಸಾಂಪ್ರದಾಯಿಕ ಮಾಲಿಕ-ನೌಕರ ಸಂಬಂಧದ ಹೊರಗೆ ದುಡಿಯುವವನು ಎಂದೇ ಅರ್ಥ ಬರೆದಿದೆ. ಹೊರಗಿನವನಾದ ಮೇಲೆ ನೌಕರನಿಗೆ ಸಲ್ಲುವ ಪರಿಹಾರ ಅವನಿಗೆ ಹಕ್ಕಾಗಿ ಬರುವುದಿಲ್ಲ. ಸರಕಾರ ಯೋಜನೆ ಮಾಡಿದರೆ ಉಂಟು, ಮಾಡದಿದ್ದರೆ ಇಲ್ಲ. ಆ ನಿಧಿಗೆ ಕಂಪನಿಗಳು ವಾರ್ಷಿಕ ವಹಿವಾಟಿನ ನೂರಕ್ಕೆ ೧ರಿಂದ ೨ ಕೊಡಬೇಕೆಂದಿದ್ದರೂ, ಕಾರ್ಮಿಕರಿಗೆ ಕೊಟ್ಟ ಹಣದ ನೂರಕ್ಕೆ ೫ನ್ನು ಮೀರಕೂಡದೆಂಬ ಮಿತಿ ಇದೆ. ನಮ್ಮ ರಾಜ್ಯ ಸರಕಾರವು ೨೦೨೩ರಲ್ಲಿ ಇವರಿಗೆ ಎರಡು ಲಕ್ಷದ ಜೀವವಿಮೆಯನ್ನೂ ಎರಡು ಲಕ್ಷದ ಅಪಘಾತ ವಿಮೆಯನ್ನೂ ಘೋಷಿಸಿತು. ೨೦೨೫ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ತಂದು, ಕಾರ್ಮಿಕನಿಗೆ ಸಲ್ಲುವ ಹಣದ ನೂರಕ್ಕೆ ೧ರಿಂದ ೫ರ ವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ವಸೂಲು ಮಾಡಲು ಹೊರಟಿತು. ಇವನ್ನು ನಾವು ಹಳಿಯುವುದಿಲ್ಲ. ಒಳ್ಳೆಯ ಕೆಲಸವನ್ನು ಯಾರು ಮಾಡಿದರೂ ಒಳ್ಳೆಯದೇ. ಆದರೆ ಕಲ್ಯಾಣ ಬೇರೆ, ಹಕ್ಕು ಬೇರೆ. ಕಲ್ಯಾಣಕ್ಕೆ ಅರ್ಜಿ ಹಾಕಿ ಕಾಯಬೇಕು; ಹಕ್ಕನ್ನು ಕೇಳಿ ಪಡೆಯಬಹುದು. ಸತ್ತವನ ಮನೆಗೆ ಬರುವ ಲಕ್ಷಕ್ಕಿಂತ, ಕುಂಟುವವನ ನಾಲ್ಕು ದಿನದ ಕೂಲಿಯ ಲೆಕ್ಕ ಇಡುವುದೇ ಈ ಮಹನೀಯರಿಗೆ ಕಷ್ಟವಾಗಿ ಕಂಡಿದೆ. ನೀತಿ ಆಯೋಗದ ೨೦೨೨ರ ವರದಿಯ ಪ್ರಕಾರ ದೇಶದಲ್ಲಿ ಗಿಗ್ ಕೆಲಸದವರು ೨೦೨೦-೨೧ರಲ್ಲಿಯೇ ೭೭ ಲಕ್ಷ. ೨೦೨೯-೩೦ಕ್ಕೆ ೨ ಕೋಟಿ ೩೫ ಲಕ್ಷವಾದಾರೆಂದು ಅದೇ ವರದಿಯ ಅಂದಾಜು. ಇಷ್ಟು ಜನರನ್ನು 'ಸಂಬಂಧದ ಹೊರಗೆ' ನಿಲ್ಲಿಸಿ ಯಾವ ಸಮಾಜವನ್ನು ಕಟ್ಟುತ್ತಾರೋ ನಮಗೆ ತಿಳಿಯದು.

ಇನ್ನು ಮನೆಯವರ ಮಾತು. "ನಮ್ಮ ನಾಯಿ ಏನೂ ಮಾಡುವುದಿಲ್ಲ" ಎಂಬುದನ್ನು ಕಚ್ಚಿಸಿಕೊಂಡವರೆಲ್ಲ ಕಚ್ಚುವ ಮೊದಲು ಒಮ್ಮೆ ಕೇಳಿದವರೇ. ನಾಯಿ ಮನೆಯವರಿಗೆ ಏನೂ ಮಾಡುವುದಿಲ್ಲ, ಸರಿ. ಆದರೆ ಅದರ ಕಣ್ಣಿನಿಂದ ಒಮ್ಮೆ ನೋಡಿ. ತಲೆಗೆ ಹೆಲ್ಮೆಟ್ಟು, ಬೆನ್ನ ಮೇಲೆ ಗುಡ್ಡದಂಥ ಚೀಲ, ಓಡುನಡೆ. ಗಂಟೆ ಬಾರಿಸುತ್ತಾನೆ, ನಾಯಿ ಬೊಗಳುತ್ತದೆ, ಅವನು ಹೋಗುತ್ತಾನೆ. ತಾನು ಬೊಗಳಿದ್ದಕ್ಕೇ ಕಳ್ಳ ಓಡಿದನೆಂದು ನಾಯಿ ತಿಳಿಯುತ್ತದೆ. ದಿನಕ್ಕೆ ಮೂರು ಸಲ ಹೀಗೆ ಗೆದ್ದ ನಾಯಿಗೆ ನಾಲ್ಕನೆಯ ಸಲ ಧೈರ್ಯ ಹೆಚ್ಚುವುದರಲ್ಲಿ ಆಶ್ಚರ್ಯವೇನು? ಅಂಚೆಯವನಿಗೂ ನಾಯಿಗೂ ಇರುವ ಹಳೆಯ ಹಗೆತನದ ಗುಟ್ಟು ಇದೇ. ನಾಯಿಯ ಮೇಲೆ ನಮಗೇನೂ ಸಿಟ್ಟಿಲ್ಲ. ಅದೂ ಅನ್ನಕ್ಕಾಗಿ ಕಾವಲು ಕಾಯುವ ಜೀವ, ತನ್ನ ಪಾಳಿಯ ಕೆಲಸವನ್ನು ಮಾಡುತ್ತಿದೆ. ಆಚೆ ನಿಂತವನಿಗೂ ಪಾಳಿಯಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಅದರ ಯಜಮಾನರಿಗೆ ಗೊತ್ತಿರಬೇಕು.

೨೦೨೫ರ ಆಗಸ್ಟಿನಲ್ಲಿ ದೆಹಲಿಯ ಬೀದಿನಾಯಿಗಳನ್ನು ಹಿಡಿಯಬೇಕೆಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿ, ಹನ್ನೊಂದೇ ದಿನಗಳ ಮೇಲೆ ಅದನ್ನು ತಿದ್ದಿದಾಗ ದೇಶವೆಲ್ಲ ಎರಡು ಪಂಗಡವಾಗಿ ಕಾದಾಡಿತು. ಯಜಮಾನನೇ ಇಲ್ಲದ ನಾಯಿಯ ಮೇಲೆ ಅಷ್ಟು ಚರ್ಚೆ! ಯಜಮಾನ, ಗೇಟು, ಸರಪಳಿ ಎಲ್ಲವೂ ಇರುವ ನಾಯಿಯ ವಿಷಯಕ್ಕೆ ಯಾರೂ ಬಾಯಿ ತೆರೆಯಲಿಲ್ಲ. ಅದಕ್ಕೆ ಕಾಯಿದೆ ಇಲ್ಲದಿಲ್ಲ. ತನ್ನ ಪ್ರಾಣಿಯಿಂದ ಮನುಷ್ಯನ ಜೀವಕ್ಕೆ ಅಪಾಯ ಅಥವಾ ಭಾರಿ ಗಾಯ ಆಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸಜೆ ಎಂದು ಹಳೆಯ ದಂಡ ಸಂಹಿತೆಯ ೨೮೯ನೆಯ ಕಲಮಿನಲ್ಲಿತ್ತು. ೨೦೨೪ರ ಜುಲೈ ೧ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ ೨೯೧ನೆಯ ಕಲಮಾಗಿದೆ. ಸಜೆ ಅಷ್ಟೇ, ದಂಡ ಮಾತ್ರ ಒಂದು ಸಾವಿರದಿಂದ ಐದು ಸಾವಿರಕ್ಕೆ ಏರಿದೆ. ಆದರೆ ದಂಡದ ಹಣ ಸರಕಾರದ ಖಜಾನೆಗೆ ಹೋಗುತ್ತದೆ. ಕಚ್ಚಿಸಿಕೊಂಡವನ ಕೈಗೆ ಏನಾದರೂ ಬರಬೇಕಾದರೆ ನ್ಯಾಯಾಧೀಶರು ಮನಸ್ಸು ಮಾಡಬೇಕು. ಅಷ್ಟಕ್ಕೂ ಠಾಣೆಗೆ ಹೋಗಿ ದೂರು ಕೊಡಲು ಬೇಕಾದ ಅರ್ಧ ದಿನವನ್ನು ಆ ಹುಡುಗ ಎಲ್ಲಿಂದ ತರಬೇಕು?

ಬೇರೆ ದೇಶದ ಅಂಚೆಯವರು ಏನು ಮಾಡಿದರೆಂಬುದನ್ನು ಇಲ್ಲಿ ಹೇಳಬೇಕು. ಬ್ರಿಟನ್ನಿನಲ್ಲಿ ೧೯೯೧ರ ಅಪಾಯಕಾರಿ ನಾಯಿಗಳ ಕಾಯಿದೆ ಮುಖ್ಯವಾಗಿ ಸಾರ್ವಜನಿಕ ಸ್ಥಳಗಳಿಗೆ ಅನ್ವಯಿಸುತ್ತಿತ್ತು. ಅಂಚೆಯವನನ್ನು ನಾಯಿ ಕಚ್ಚುವುದು ಬೀದಿಯಲ್ಲಲ್ಲ, ಮನೆಯ ಅಂಗಳದಲ್ಲಿ. ಅಲ್ಲಿ ಆ ಕಾಯಿದೆ ಕೈಕಟ್ಟಿ ನಿಲ್ಲುತ್ತಿತ್ತು. ಅಲ್ಲಿನ ಅಂಚೆ ಮತ್ತು ಸಂಪರ್ಕ ಕಾರ್ಮಿಕರ ಸಂಘ ವರ್ಷಗಟ್ಟಲೆ ಇದಕ್ಕಾಗಿ ಹೋರಾಡಿತು. ೨೦೧೪ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಕಾಯಿದೆ ಬದಲಾಯಿತು. ಸ್ವಂತ ಅಂಗಳದಲ್ಲಿ ಕಚ್ಚಿದರೂ ಯಜಮಾನನೇ ಹೊಣೆ. ಅಮೆರಿಕದಲ್ಲಿ ೨೦೨೪ರಲ್ಲಿ ಆರು ಸಾವಿರಕ್ಕೂ ಹೆಚ್ಚು ಅಂಚೆಯವರ ಮೇಲೆ ನಾಯಿಗಳು ಬಿದ್ದವೆಂದು ಅಲ್ಲಿನ ಅಂಚೆ ಇಲಾಖೆ ತಾನೇ ಲೆಕ್ಕ ಕೊಡುತ್ತದೆ. ಬಂಡವಾಳಶಾಹಿಯ ತವರಾದ ಆ ದೇಶದಲ್ಲಿಯೂ ನಾಯಿ ಬಿಟ್ಟಿರುವ ಮನೆಗೆ ಕಾಗದ ಹಂಚುವುದನ್ನು ನಿಲ್ಲಿಸುವ ಅಧಿಕಾರ ಇಲಾಖೆಗಿದೆ. ನಾಯಿಯನ್ನು ಕಟ್ಟುವವರೆಗೆ ಕಾಗದವಿಲ್ಲ. ನಮ್ಮ ಕಂಪನಿಗಳು ಇಂಥದೊಂದು ಲೆಕ್ಕವನ್ನು ಪ್ರಕಟಿಸಿದ್ದನ್ನು ನಾವು ಕಂಡಿಲ್ಲ. ಗೇಟಿನ ಹೊರಗೇ ನಿಂತ ಹುಡುಗನಿಗೆ ಗಿರಾಕಿಯೊಬ್ಬರು ಒಂದು ನಕ್ಷತ್ರ ಕಡಿಮೆ ಒತ್ತಿದರೆ ಮಾರನೆಯ ದಿನ ಅವನ ಕೆಲಸ ಕಡಿಮೆಯಾಗುತ್ತದೆಂಬುದು ಆ ಹುಡುಗರ ಅಳಲು. ನಾಯಿಯ ಹಲ್ಲಿಗಿಂತ ಈ ನಕ್ಷತ್ರ ಹರಿತವಾದದ್ದು.

ಅಂಗಡಿಯ ಬಂಧುಗಳಿಗೆ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಈ ಚೀಲದ ಹುಡುಗರನ್ನು ಕಂಡರೆ ನಿಮಗೆ ಹೊಟ್ಟೆ ಉರಿಯುತ್ತದೆಂಬುದು ನಮಗೆ ಗೊತ್ತು. ನಿಮ್ಮ ಅಂಗಡಿಯ ಮುಂದೆಯೇ ಹಾದು ನಿಮ್ಮ ಗಿರಾಕಿಯ ಮನೆಗೆ ಬೇಳೆ-ಸಾಬೂನು ಮುಟ್ಟಿಸುವವನು ಅವನು. "ಕಚ್ಚಲಿ ಬಿಡಿ" ಎಂದು ಪೇಟೆಯಲ್ಲಿ ಒಬ್ಬರು ನಮಗೆ ಹೇಳಿಯೂ ಬಿಟ್ಟರು. ನಿಮ್ಮ ವ್ಯಾಪಾರವನ್ನು ಕಸಿಯುತ್ತಿರುವ ಬಂಡವಾಳ ಆ ಚೀಲದಲ್ಲಿಲ್ಲ, ಎಲ್ಲಿಯೋ ದೂರದಲ್ಲಿದೆ. ಚೀಲದಲ್ಲಿರುವುದು ಅವನ ಬೆನ್ನುನೋವು. ಅವನ ಗಾಯದ ಖರ್ಚನ್ನು ಕಂಪನಿ ಹೊರದೆ ತಪ್ಪಿಸಿಕೊಳ್ಳುವುದರಿಂದಲೂ ಅದರ ಸಾಮಾನು ನಿಮ್ಮದಕ್ಕಿಂತ ಅಗ್ಗವಾಗುತ್ತದೆ ಎಂಬುದನ್ನು ಲೆಕ್ಕ ಬಲ್ಲ ನೀವು ಯೋಚಿಸಿ. ಹಾಗೆಯೇ, ಸಂಜೆ ಎಣ್ಣೆಯ ಡಬ್ಬಿ ಕೊಟ್ಟು ಸೈಕಲ್ಲಿನ ಮೇಲೆ ಮನೆಗಳಿಗೆ ಕಳಿಸುತ್ತೀರಲ್ಲ, ನಿಮ್ಮ ಅಂಗಡಿಯ ಹುಡುಗ, ಅವನಿಗೆ ನಾಯಿ ಕಚ್ಚಿದರೆ ಎಷ್ಟು ಮಂದಿ ದಿನದ ಕೂಲಿ ಕೊಟ್ಟಿದ್ದೀರಿ? ಕೊಟ್ಟವರಿದ್ದಾರೆ, ನಮಗೆ ಗೊತ್ತಿದೆ. ಕೊಡದವರೂ ನಮ್ಮ ಚಂದಾದಾರರ ಪಟ್ಟಿಯಲ್ಲಿದ್ದಾರೆ.

ಕಂಪನಿಗಳಿಂದ ಆಗಬೇಕಾದದ್ದು ಬಹಳವೇನಿಲ್ಲ. ಸಾಮಾನು ಬೇಕೆಂದು ಒತ್ತುವವರನ್ನು ನೂರೆಂಟು ಪ್ರಶ್ನೆ ಕೇಳುವ ಯಂತ್ರ, ನಾಯಿ ಇದೆಯೇ, ಕಟ್ಟಿದ್ದೀರಾ ಎಂದು ಇನ್ನೊಂದನ್ನು ಕೇಳಲಿ. ನಾಯಿ ಬಿಟ್ಟಿದ್ದರೆ ಗೇಟಿನಲ್ಲೇ ನಿಂತು ಕೂಗುವ ಹಕ್ಕು ಆಳಿಗಿರಲಿ, ಅದಕ್ಕಾಗಿ ನಕ್ಷತ್ರವಾಗಲಿ ಕೂಲಿಯಾಗಲಿ ಕಡಿಯಕೂಡದು. ಕಚ್ಚಿದರೆ ಮದ್ದಿನ ನಾಲ್ಕೂ ದಿನದ ಕೂಲಿಯನ್ನು ಕಳಿಸಿದವನು ಮೊದಲು ಕೊಡಲಿ. ಆಮೇಲೆ ನಾಯಿಯ ಯಜಮಾನನಿಂದ ವಸೂಲು ಮಾಡಿಕೊಳ್ಳುವುದು ಅವರವರ ಪಾಡು. ರಾಜ್ಯದ ಕಲ್ಯಾಣ ಮಂಡಳಿಯು ನಾಯಿ ಕಡಿತವನ್ನು ಕೆಲಸದ ಅಪಘಾತವೆಂದು ಹೆಸರಿಟ್ಟು ಬರೆಯಬೇಕು. ಹೆಸರಿಲ್ಲದ ಗಾಯಕ್ಕೆ ಕಚೇರಿಗಳಲ್ಲಿ ಕಡತವಿರುವುದಿಲ್ಲ.

ಅಲ್ಲಿಯವರೆಗೆ ಜೀವ ಉಳಿಯಬೇಕಲ್ಲ. ಕಚ್ಚಿದ ಕೂಡಲೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಯಾವುದನ್ನೂ ಮೆತ್ತಬೇಡಿ. ನಾಯಿಗೆ ಇಂಜೆಕ್ಷನ್ ಆಗಿದೆಯೆಂಬ ಮಾತನ್ನು ನಂಬಿ ಆಸ್ಪತ್ರೆಯನ್ನು ತಪ್ಪಿಸಬೇಡಿ. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ. ಹೊಕ್ಕಳಿನ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಹೆದರಿಕೆಯೂ ಬೇಡ. ಆ ಕಾಲ ಹೋಯಿತು, ಈಗ ತೋಳಿಗೇ ಚುಚ್ಚುತ್ತಾರೆ. ಗಾಯ ಆಳವಾಗಿದ್ದರೆ ಗಾಯಕ್ಕೇ ಕೊಡುವ ಇನ್ನೊಂದು ಮದ್ದಿದೆ, ಅದನ್ನು ಕೇಳಿ ಹಾಕಿಸಿಕೊಳ್ಳಿ. ಆಸ್ಪತ್ರೆಯ ಚೀಟಿಯನ್ನು ಎಸೆಯಬೇಡಿ. ಮನೆಯ ಅಂಕಿ, ದಿನ, ಹೊತ್ತು ಬರೆದಿಟ್ಟುಕೊಳ್ಳಿ.

ಬರುವ ಭಾನುವಾರ ಸಂಜೆ ಐದಕ್ಕೆ ನಮ್ಮ ಕಚೇರಿಯ ಬಾಗಿಲು ತೆರೆದಿರುತ್ತದೆ. ಕಚ್ಚಿಸಿಕೊಂಡವರು ಚೀಟಿ ಹಿಡಿದು ಬನ್ನಿ, ಚೀಲದವರಾದರೂ ಸರಿ, ಅಂಗಡಿಯ ಹುಡುಗರಾದರೂ ಸರಿ. ಕಾರ್ಮಿಕ ಇಲಾಖೆಗೆ ಅರ್ಜಿ ಬರೆದುಕೊಡಲು ಗಿರಣಿ ಸಂಘದ ಇಬ್ಬರು ಹಿರಿಯರು ಒಪ್ಪಿದ್ದಾರೆ. ಮೊದಲ ಅರ್ಜಿ ಕುಂಟುತ್ತ ಬಂದ ಆ ಹುಡುಗನದು. ನಾಲ್ಕು ದಿನದ ಕೂಲಿಯನ್ನು ಅದರಲ್ಲಿ ರೂಪಾಯಿ-ಪೈಸೆಯ ಸಮೇತ ಬರೆಸಿದ್ದೇವೆ.