ಆರ್ಕಿಡ್ ಬೇರಿಗೆ ಮೊದಲು ಗಾಳಿ, ಆಮೇಲೆ ನೀರು

ನರ್ಸರಿಯಿಂದ ತಂದ ಆರ್ಕಿಡ್ ಎರಡು ತಿಂಗಳು ಹೂವು ಹೊತ್ತು ನಿಂತು, ಆಮೇಲೆ ಎಲೆ ಸುಕ್ಕುಗಟ್ಟಿ ಸತ್ತರೆ ಮನೆಯಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, ನೀರು ಜಾಸ್ತಿಯಾಯಿತು. ಇನ್ನೊಂದು, ನಮ್ಮ ಕೈಗುಣವೇ ಅಷ್ಟು. ಮೊದಲನೆಯದರಲ್ಲಿ ಅರ್ಧ ನಿಜವಿದೆ, ಎರಡನೆಯದು ವೃಥಾ ಸಂಕಟ. ಬೆಂಗಳೂರಿನಂಥ ಊರುಗಳಲ್ಲಿ ಹೆಚ್ಚಾಗಿ ಮಾರಾಟವಾಗುವ ಫೆಲನಾಪ್ಸಿಸ್ ಗಿಡದ ಬೇರುಗಳನ್ನು ಸ್ಫ್ಯಾಗ್ನಮ್ ಪಾಚಿಯಲ್ಲಿ ಬಿಗಿಯಾಗಿ ಸುತ್ತಿ ತೆಳು ಪ್ಲಾಸ್ಟಿಕ್ ಕುಂಡಕ್ಕೆ ತುರುಕಿರುತ್ತಾರೆ. ನೀರು, ಬಿಸಿಲು, ಗಾಳಿ ಎಲ್ಲವೂ ಲೆಕ್ಕದಲ್ಲಿರುವ ಹಸಿರುಮನೆಯಲ್ಲಿ ಅದು ನಡೆಯುತ್ತದೆ. ನಮ್ಮ ಹಜಾರದ ಮೂಲೆಯಲ್ಲಿ ಅದೇ ಪಾಚಿ ಮೇಲೆ ಗರಿಗರಿ ಒಣಗಿ, ನಡುವೆ ಕೊಚ್ಚೆಯಾಗಿರುತ್ತದೆ. ಮೇಲ್ಭಾಗ ಒಣಗಿದ್ದನ್ನು ಕಂಡವರು ನೀರು ಹಾಕದೆ ಇನ್ನೇನು ಮಾಡಿಯಾರು? ಹಾಗಾಗಿ ಗಿಡವನ್ನು ಕೊಲ್ಲುತ್ತಿರುವುದು ಮುಖ್ಯವಾಗಿ ಕುಂಡವೇ ಎಂಬುದು ನನ್ನ ವಾದ. ಹಗಲೆಲ್ಲ ಬೀಗ ಹಾಕಿರುವ ನಗರದ ಮನೆಗಳಿಗೆ ತಳದಲ್ಲಿ ನೀರು ನಿಲ್ಲುವ ಅರೆ-ಜಲಕೃಷಿ ಕುಂಡ ಶೋಕಿಯ ವಸ್ತುವಲ್ಲ, ಇರುವುದರಲ್ಲಿ ಹೆಚ್ಚು ನಂಬಬಹುದಾದ ವ್ಯವಸ್ಥೆ.

ಫೆಲನಾಪ್ಸಿಸ್ ಮರದ ಮೇಲೆ ಬೆಳೆಯುವ ಅಪ್ಪುಸಸ್ಯ. ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ಮರ ಅದಕ್ಕೆ ಬರೀ ಆಸರೆ. ಅದರ ಬೇರಿನ ಸುತ್ತ ಸತ್ತ ಜೀವಕೋಶಗಳ ಬಿಳಿ ಹೊದಿಕೆಯೊಂದಿದೆ, ಹೆಸರು ವೆಲಮೆನ್. ಮಳೆ ಬಿದ್ದ ಕೂಡಲೇ ನೀರು ಕುಡಿದು ಹಸಿರಾಗುತ್ತದೆ, ಒಣಗಿದರೆ ಮತ್ತೆ ಬೆಳ್ಳಿಬಣ್ಣ. ಒಳಗಿರುವ ಜೀವಂತ ಬೇರು ಉಸಿರಾಡಬೇಕು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಆದ್ದರಿಂದ ಸುತ್ತಲಿನ ಸಂದುಗಳೆಲ್ಲ ನೀರಿನಿಂದ ಮುಚ್ಚಿಹೋದರೆ ಬೇರು ಉಸಿರುಕಟ್ಟಿ ಸಾಯುತ್ತದೆ, ಕೊಳೆಸುವ ಶಿಲೀಂಧ್ರ ಬರುವುದು ಅದರ ಬೆನ್ನಿಗೆ. ಇದು ಹಳೆಯ ಪಾಠ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ಸಿರಿವಂತರು ಆರ್ಕಿಡ್‌ಗಳನ್ನು ಹಡಗುಗಟ್ಟಲೆ ತರಿಸಿ, ಉಷ್ಣವಲಯವೆಂದರೆ ಬಿಸಿಯೂ ಹಬೆಯೂ ತಾನೇ ಎಂದು, ಕಿಟಕಿ ತೆರೆಯದ ಬಿಸಿ ಗಾಜಿನ ಮನೆಗಳಲ್ಲಿ ಬೇಯಿಸಿದರು. ಉಷ್ಣವಲಯದ ಆರ್ಕಿಡ್‌ಗಳ ಸ್ಮಶಾನವೆಂಬ ಹೆಸರೇ ಆ ದೇಶಕ್ಕೆ ಬಂತು. ಚಾಟ್ಸ್‌ವರ್ತ್‌ನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಶಾಖ ತಗ್ಗಿಸಿ, ಗಾಳಿಯಾಡಲು ಬಿಟ್ಟ ಮೇಲೆ ಗಿಡಗಳು ಬದುಕತೊಡಗಿದವು.

ಹಾಗಾದರೆ ತಳದಲ್ಲಿ ಸದಾ ನೀರು ನಿಂತಿರುವ ಕುಂಡವನ್ನು ಹೊಗಳುವುದು ಹೇಗೆ? ಎಲ್ಲರೂ ಎತ್ತುವ ಮೊದಲ ಆಕ್ಷೇಪ ಇದು, ನ್ಯಾಯವಾದದ್ದೇ. ಜಲಕೃಷಿ ಎಂದಾಕ್ಷಣ ಪಂಪು, ಪೈಪುಗಳನ್ನು ನೆನೆಯಬೇಕಿಲ್ಲ. ತಳದಲ್ಲಿ ತೂತಿಲ್ಲದ ಪ್ಲಾಸ್ಟಿಕ್ ಡಬ್ಬಿ, ಅದರ ಪಕ್ಕದಲ್ಲಿ ತಳದಿಂದ ಒಂದಂಗುಲ ಮೇಲಕ್ಕೆ ಎರಡು ತೂತು, ಒಳಗೆ ಸುಟ್ಟು ಉಬ್ಬಿಸಿದ ಜೇಡಿಮಣ್ಣಿನ ಗುಂಡುಗಳು. ಅಂಗಡಿಯವರು ಇವನ್ನು ಲೆಕಾ ಅಥವಾ ಕ್ಲೇ ಬಾಲ್ಸ್ ಎನ್ನುತ್ತಾರೆ. ನೀರು ತೂತಿನ ಮಟ್ಟದವರೆಗೆ ಮಾತ್ರ ನಿಲ್ಲುತ್ತದೆ. ಅಲ್ಲಿಂದ ಮೇಲಕ್ಕೆ ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಗುಂಡಿನಿಂದ ಗುಂಡಿಗೆ ತೇವ ಏರುತ್ತದೆ. ಗುಂಡುಗಳ ನಡುವಿನ ದೊಡ್ಡ ಸಂದುಗಳು ಮಾತ್ರ ಖಾಲಿಯಾಗಿಯೇ ಉಳಿಯುತ್ತವೆ. ತೇವವೂ ಗಾಳಿಯೂ ಒಟ್ಟಿಗೆ ಸಿಗುವುದು ಹೀಗೆ. ತೊಗಟೆಚೂರು, ಪಾಚಿ ವರ್ಷ ಕಳೆದಂತೆ ಕೊಳೆತು ಸಂದುಗಳನ್ನು ಮುಚ್ಚಿಬಿಡುತ್ತವೆ. ಸುಟ್ಟ ಮಣ್ಣು ಕೊಳೆಯುವುದಿಲ್ಲ. ನೀರು ಹಾಕಬೇಕೋ ಬೇಡವೋ ಎಂಬ ಊಹೆಯೂ ಬೇಕಿಲ್ಲ, ಪಾರದರ್ಶಕ ಡಬ್ಬಿಯಾದರೆ ಮಟ್ಟ ಕಣ್ಣಿಗೇ ಕಾಣುತ್ತದೆ. ಇದನ್ನು ಮಾಡಿ ನೋಡಿ ಗಿಡ ಕಳೆದುಕೊಂಡವರು ಸಾಮಾನ್ಯವಾಗಿ ಎಡವುವುದು ಕುಂಡ ಬದಲಿಸುವ ಸಮಯದಲ್ಲಿ. ಪಾಚಿಯೊಳಗೆ ಬೆಳೆದ ಹಳೆಯ ಬೇರು ಆ ಪಾಚಿಗೆ ಒಗ್ಗಿಕೊಂಡಿರುತ್ತದೆ, ಹೊಸ ಜಾಗದಲ್ಲಿ ಬಹುಪಾಲು ಸಾಯುತ್ತದೆ. ಬುಡದಲ್ಲಿ ಹಸಿರು ತುದಿಯ ಹೊಸ ಬೇರು ಮೂಡುವಾಗ ಬದಲಿಸಿದರೆ, ಆ ಬೇರು ಗುಂಡುಗಳ ನಡುವೆಯೇ ಬೆಳೆದು ಅಲ್ಲಿನ ತೇವಕ್ಕೆ ಹೊಂದಿಕೊಳ್ಳುತ್ತದೆ.

ತೆಂಗಿನ ನಾಡಿನಲ್ಲಿ ಸಿಪ್ಪೆಗೇನು ಬರವೇ, ಸುಟ್ಟ ಮಣ್ಣನ್ನು ದುಡ್ಡು ಕೊಟ್ಟು ಏಕೆ ತರಬೇಕು ಎಂದು ಕೇಳುವವರಿದ್ದಾರೆ. ಲೆಕಾ ತಯಾರಾಗುವುದು ಸುಮಾರು 1,200 ಡಿಗ್ರಿ ಶಾಖದ ಗೂಡಿನಲ್ಲಿ, ಅದಕ್ಕೆ ಇಂಧನ ಬೇಕು. ಪರಿಸರದ ಲೆಕ್ಕದಲ್ಲಿ ಈ ಆಕ್ಷೇಪಕ್ಕೆ ತೂಕವಿದೆ. ಮಂಗಳೂರು, ಕಾರವಾರದ ಹಸಿಗಾಳಿಯಲ್ಲಿ ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆ ತುಂಬಿದ ತೂಗುಬುಟ್ಟಿಗಳಲ್ಲಿ ಡೆಂಡ್ರೋಬಿಯಂ, ವಾಂಡಾಗಳು ಸೊಗಸಾಗಿ ಬರುತ್ತವೆ. ದಿನಾ ಬೆಳಿಗ್ಗೆ ನೀರು ಚಿಮುಕಿಸುವವರು ಮನೆಯಲ್ಲಿದ್ದರೆ ಅವರು ಏನನ್ನೂ ಬದಲಿಸಬೇಕಿಲ್ಲ. ಆದರೆ ಸಿಪ್ಪೆಯಲ್ಲಿ ಸಹಜವಾಗಿಯೇ ಸೋಡಿಯಂ, ಪೊಟ್ಯಾಸಿಯಂ ಲವಣಗಳಿರುತ್ತವೆ, ಹಲವು ಸಲ ನೆನೆಸಿ ತೊಳೆಯದೆ ಬಳಸುವಂತಿಲ್ಲ. ಅದು ಕೊಳೆಯುತ್ತದೆ ಕೂಡ. ಲೆಕಾವನ್ನಾದರೆ ಕುದಿಸಿ, ತೊಳೆದು ವರ್ಷಗಟ್ಟಲೆ ಮತ್ತೆ ಮತ್ತೆ ಬಳಸಬಹುದು. ಒಂದು ಸಲ ಕೊಂಡು ಒಂದೇ ಗಿಡದ ನಂತರ ಎಸೆಯುವವರಿಗೆ ನನ್ನ ವಾದ ಅನ್ವಯಿಸುವುದಿಲ್ಲ.

ನಿಜಕ್ಕೂ ಗಟ್ಟಿಯಾದ ಆಕ್ಷೇಪ ನೀರಿನದು. ನೀರು ಆವಿಯಾದಂತೆ ಅದರಲ್ಲಿದ್ದ ಉಪ್ಪು ಮೇಲಿನ ಗುಂಡುಗಳ ಮೇಲೆ ಬಿಳಿ ಪದರವಾಗಿ ಕೂರುತ್ತದೆ, ಬೇರಿನ ತುದಿ ಸುಡುತ್ತದೆ. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಬಯಲುಸೀಮೆಯ ಅನೇಕ ಕೊಳವೆಬಾವಿಗಳು ಆ ಗಡಿಯನ್ನು ಎಂದೋ ದಾಟಿವೆ, ಆರ್ಕಿಡ್ ಬಯಸುವುದಾದರೋ ಅದಕ್ಕಿಂತ ಬಹಳ ಕಡಿಮೆ. ಅಪಾರ್ಟ್‌ಮೆಂಟುಗಳಲ್ಲಿ ಇದಕ್ಕೆ ಇನ್ನೆರಡು ಕೇಡು ಸೇರಿಕೊಳ್ಳುತ್ತವೆ. ಸಾಫ್ಟ್‌ನರ್ ಯಂತ್ರ ಸುಣ್ಣದಂಶ ತೆಗೆದು ಆ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ. ನಲ್ಲಿಗೆ ಹಿತ, ಬೇರಿಗೆ ವಿಷ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಪೋಲು ಮಾಡಬಾರದೆಂದು ಗಿಡಗಳಿಗೆ ಸುರಿಯುವ ಒಳ್ಳೆಯ ಮನಸ್ಸಿನವರು ಎಲ್ಲ ಕಡೆ ಇದ್ದಾರೆ. ಅದರಲ್ಲಿರುವುದು ಸೋಸಿ ಬಿಟ್ಟ ಉಪ್ಪೇ, ನೆಲ ಒರೆಸಲು ಅದು ಸಾಕು. ಪರಿಹಾರ ನಮ್ಮ ತಲೆಯ ಮೇಲೇ ಬೀಳುತ್ತದೆ. ಒಂದು ಚದರ ಮೀಟರ್ ಹಾಳೆಯ ಮೇಲೆ 30 ಮಿಲಿಮೀಟರ್ ಮಳೆ ಸುರಿದರೆ 30 ಲೀಟರ್. ಒಂದು ಗಿಡಕ್ಕೆ ವಾರಕ್ಕೊಂದು ಲೀಟರ್ ಎಂದರೂ ವರ್ಷಕ್ಕೆ 52; ಎರಡು ಜೋರು ಮಳೆಯ ಸಂಗತಿ. ಮುಚ್ಚಳವಿರುವ ಡ್ರಮ್ಮಿನಲ್ಲಿ ಹಿಡಿದಿಟ್ಟರಾಯಿತು. ವಾರಕ್ಕೊಮ್ಮೆ ಡಬ್ಬಿಯನ್ನು ಕಂಠಮಟ್ಟ ತುಂಬಿಸಿ ತೂತಿನಿಂದ ಹರಿದುಹೋಗಲು ಬಿಟ್ಟರೆ ಹಳೆಯ ಉಪ್ಪು ತೊಳೆದುಹೋಗುತ್ತದೆ, ಇಳಿಯುವ ನೀರಿನ ಹಿಂದೆಯೇ ಹೊಸ ಗಾಳಿ ಒಳಗೆ ಬರುತ್ತದೆ. ಡೆಂಗಿ ಭಯಕ್ಕೂ ಅದೇ ಉತ್ತರ: ನೀರು ಗುಂಡುಗಳಡಿ ಮುಚ್ಚಿರುತ್ತದೆ, ವಾರಕ್ಕೊಮ್ಮೆ ಬದಲಾಗುತ್ತದೆ. ಹೊರಗಿನ ಅಲಂಕಾರದ ಕುಂಡದಲ್ಲಿ, ತಟ್ಟೆಯಲ್ಲಿ ನಿಲ್ಲುವ ನೀರಿನ ಮೇಲೆಯೇ ಹೆಚ್ಚು ಕಣ್ಣಿಡಬೇಕು.

ರಾಸಾಯನಿಕ ಗೊಬ್ಬರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸುಟ್ಟ ಮಣ್ಣಿನಲ್ಲಿ ಪೋಷಕಾಂಶವಿಲ್ಲ, ಗೊಬ್ಬರ ಬೇಕೇ ಬೇಕು, ಆದರೆ ಪೊಟ್ಟಣದ ಮೇಲೆ ಬರೆದಿರುವುದರ ಕಾಲುಭಾಗ ಸಾಕು. ಸಗಣಿ ನೀರು, ಪಂಚಗವ್ಯ ಈ ಡಬ್ಬಿಗೆ ಬೇಡ. ಅವನ್ನು ಬೇರಿಗೆ ದಕ್ಕುವಂತೆ ಒಡೆಯುವ ಮಣ್ಣಿನ ಜೀವಿಗಳು ಇಲ್ಲಿ ಅಷ್ಟಾಗಿ ಇರುವುದಿಲ್ಲ, ಕೊಳೆತು ನಾರುತ್ತದೆ ಅಷ್ಟೆ. ಒಣಗಾಳಿಯ ಚಳಿಗಾಲದ ಎಚ್ಚರಿಕೆಯೂ ಬೇಕು. ತೇವ ಆವಿಯಾಗುತ್ತ ಡಬ್ಬಿಯನ್ನು ಕೋಣೆಗಿಂತ ತಣ್ಣಗೆ ಮಾಡುತ್ತದೆ, ಬೆಂಗಳೂರಿನ ಜನವರಿಯ ರಾತ್ರಿಗಳಲ್ಲಿ ಗಿಡ ಬಾಲ್ಕನಿಯಿಂದ ಒಳಗೆ ಬರಲೇಬೇಕು.

ಈ ಕುಂಡ ಎಲ್ಲ ಆರ್ಕಿಡ್‌ಗೂ ಸಲ್ಲುತ್ತದೆ ಎಂದು ಮಾರುವವರನ್ನು ನಂಬಬಾರದು. ಬೇಸಿಗೆಯಲ್ಲೋ ಚಳಿಯಲ್ಲೋ ಎಲೆ ಉದುರಿಸಿ ಒಣಗಿ ಮಲಗುವ ಜಾತಿಗಳಿಗೆ ಸದಾ ತೇವವೆಂದರೆ ನಿದ್ದೆಗೇಡು. ನಮ್ಮ ಘಟ್ಟದ ಸೀತಾಳೆ ದಂಡೆ ಮಳೆಯಿಲ್ಲದ ತಿಂಗಳುಗಳನ್ನು ಬರಿಯ ತೊಗಟೆಯ ಮೇಲೆ ಕಳೆದು, ಮುಂಗಾರಿನ ಹೊಸ್ತಿಲಲ್ಲಿ ಹೂ ಬಿಡುವ ಗಿಡ. ಅದನ್ನು ಕಿತ್ತು ತಂದು ಡಬ್ಬಿಗೆ ಹಾಕುವುದು ತೋಟಗಾರಿಕೆಯೂ ಅಲ್ಲ, ಪ್ರೀತಿಯೂ ಅಲ್ಲ. ಸಸ್ಯವಿಜ್ಞಾನಿ ಜೋಸೆಫ್ ಹೂಕರ್ 1850ರಲ್ಲಿ ಖಾಸಿ ಬೆಟ್ಟಗಳಿಂದ ಏಳು ಆಳುಗಳು ಹೊರುವಷ್ಟು ನೀಲಿ ವಾಂಡಾವನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆಂದು ಕೀಳಿಸಿದ, ಜೀವಸಹಿತ ಇಂಗ್ಲೆಂಡ್ ಮುಟ್ಟಿದ್ದು ಕೆಲವೇ ಕೆಲವು. ಆ ಗಿಡ ಈಗ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ. ಪ್ರಯೋಗಾಲಯದ ಅಂಗಾಂಶ ಕೃಷಿಯಲ್ಲಿ ಲಕ್ಷಗಟ್ಟಲೆ ಹುಟ್ಟುವ ಫೆಲನಾಪ್ಸಿಸ್ ಕೈಗೆಟುಕುವಾಗ ಕಾಡಿನತ್ತ ಕೈಚಾಚಲು ಕಾರಣವೇ ಇಲ್ಲ. ಕೇಳಬೇಕಾದದ್ದು ಮಾರುವವರನ್ನು. ಗಿಡದ ಹೆಸರು, ಅದು ಅಂಗಾಂಶ ಕೃಷಿಯದೇ, ಕುಂಡದೊಳಗೆ ತುಂಬಿರುವುದು ಏನು, ಅದನ್ನು ಯಾವಾಗ ಬದಲಿಸಬೇಕು ಎಂಬ ನಾಲ್ಕು ಸಾಲಿನ ಕನ್ನಡ ಚೀಟಿಯನ್ನು ಪ್ರತಿ ಗಿಡದ ಜೊತೆ ಕೊಡಲು ನರ್ಸರಿಗಳಿಗೆ ಹೆಚ್ಚಿನ ಖರ್ಚೇನೂ ಇಲ್ಲ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಮಳಿಗೆಗಳಿಂದ ತೋಟಗಾರಿಕೆ ಇಲಾಖೆ ಇದನ್ನು ಕಡ್ಡಾಯ ಮಾಡಿ ಶುರುಮಾಡಬಹುದು.